ಬರವಣಿಗೆಯ ಸೆಲೆ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿದ್ಯಾರ್ಥಿಗಳ ಸೃಜನಶೀಲ ಬರವಣಿಗೆ ಶಿಬಿರದ ಉದ್ಘಾಟನೆಯಂದು ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶಾಲೆಯ ಕೈಬರಹ ಪತ್ರಿಕೆಗೆ ಬರಹ ಕೊಡಿರೆಂದಾಗಲೆಲ್ಲ ಮಕ್ಕಳಿಂದ ಬರುವ ಉತ್ತರ ಒಂದೇ: "ಟೀಚರ್, ಏನು ಬರೆಯುವುದೆಂದು ಹೊಳೆಯುವುದಿಲ್ಲ." ಇದಕ್ಕೆ ಸಮಾಧಾನ ಹೇಳುವ ಮೊದಲು ನಮ್ಮದೊಂದು ತಪ್ಪನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಅಧ್ಯಾಪನ ವೃತ್ತಿಯ ಆರಂಭದ ದಿನಗಳಲ್ಲಿ 'ಬೇಸಿಗೆ ರಜೆ' ಎಂಬ ವಿಷಯದ ಮೇಲೆ ಪ್ರಬಂಧ ಬರೆಸಿದ್ದೆವು. ಹೆಚ್ಚಿನವರು ಮಾರ್ಗದರ್ಶಿ ಪುಸ್ತಕದ ವಾಕ್ಯಗಳನ್ನೇ ಒಪ್ಪಿಸಿದ್ದರು. ಒಬ್ಬ ಹುಡುಗಿ ಮಾತ್ರ ಸುರಂಗ ತೋಡುವ ತನ್ನ ಅಜ್ಜನ ಕುರಿತು ಬರೆದಿದ್ದಳು. ನೀರಿಗಾಗಿ ಗುಡ್ಡವನ್ನು ಅಡ್ಡಕ್ಕೆ ಕೊರೆಯುತ್ತ ಹೋಗುವಾಗ ಅಜ್ಜ ಪಕ್ಕದಲ್ಲಿ ಮೇಣದಬತ್ತಿ ಉರಿಸಿಡುತ್ತಿದ್ದುದು, ಅದು ಮಂಕಾದೊಡನೆ ಉಸಿರಿಗೆ ಗಾಳಿ ಸಾಲದೆಂದು ತಿಳಿದು ಹೊರಬರುತ್ತಿದ್ದುದು, ಅಗೆದ ಮಣ್ಣನ್ನು ಅಜ್ಜಿ ಹೊತ್ತು ಸಾಗಿಸುತ್ತಿದ್ದುದು ಎಲ್ಲವೂ ಅದರಲ್ಲಿತ್ತು. ನಾವು ಮಾಡಿದ್ದೇನು? 'ಮುರಕಲ್ಲು' ಎಂಬುದನ್ನು ಹೊಡೆದು 'ಕಲ್ಲು' ಎಂದೂ, 'ಕುರುವೆ' ಎಂಬುದನ್ನು ಹೊಡೆದು 'ಬುಟ್ಟಿ' ಎಂದೂ ತಿದ್ದಿದೆವು. ಕೊನೆಯಲ್ಲಿ 'ಶುದ್ಧ ಭಾಷೆಯಲ್ಲಿ ಬರೆಯತಕ್ಕದ್ದು' ಎಂದು ಕೆಂಪು ಶಾಯಿಯಲ್ಲಿ ಷರಾ ಹಾಕಿದೆವು. ಆ ಹುಡುಗಿ ಮತ್ತೆಂದೂ ಪತ್ರಿಕೆಗೆ ಬರೆಯಲಿಲ್ಲ.

ಕಳೆದ ಜೂನ್ ತಿಂಗಳಲ್ಲಿ ಆಕೆ ತಮ್ಮ ಮಗನನ್ನು ಒಂದನೆಯ ತರಗತಿಗೆ ಸೇರಿಸಲು ಬಂದಿದ್ದರು. ಮಾತಿನ ನಡುವೆ ನಗುತ್ತಲೇ ಹೇಳಿದರು: "ಅಜ್ಜ ತೀರಿಕೊಂಡರು ಟೀಚರ್. ಆ ನೋಟುಪುಸ್ತಕವೂ ಈಗ ಇಲ್ಲ." ಏನು ಹೇಳಬೇಕೆಂದು ಅಂದು ನಮಗೇ ಹೊಳೆಯಲಿಲ್ಲ.

ಮಕ್ಕಳೇ, ಸ್ಫೂರ್ತಿಯು ಆಕಾಶದಿಂದ ಸುರಿಯಲೆಂದು ಕಾದು ಕುಳಿತರೆ ಕಾಲ ವ್ಯರ್ಥವಾದೀತು. ಅದು ನಮ್ಮ ಸುರಂಗದ ನೀರಿನಂತೆ. ಜಾಗ ಗುರುತಿಸಿ ಅಗೆದವರಿಗೆ ಹನಿಹನಿಯಾಗಿ ಒದಗುತ್ತದೆ. ನೀಲೇಶ್ವರದಲ್ಲಿ ಹೈಸ್ಕೂಲು ಓದಿದ ನಿರಂಜನರು, ಅಲ್ಲಿಗೆ ಸಮೀಪದ ಕಯ್ಯೂರಿನಲ್ಲಿ 1941ರಲ್ಲಿ ನಡೆದ ರೈತರ ಹೋರಾಟವನ್ನು ಮರೆಯಲಿಲ್ಲ. 1955ರಲ್ಲಿ ಅದು 'ಚಿರಸ್ಮರಣೆ' ಕಾದಂಬರಿಯಾಗಿ ಹೊರಬಂತು. ಇತ್ತ ಮಂಜೇಶ್ವರದಲ್ಲಿದ್ದುಕೊಂಡೇ ಗೋವಿಂದ ಪೈಗಳು ಅನೇಕ ಭಾಷೆಗಳನ್ನು ಕಲಿತು, ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ' ಕಾವ್ಯವಾಗಿಸಿದರು. ಒಬ್ಬರಿಗೆ ಹತ್ತಿರದ ಊರು ವಸ್ತುವಾಯಿತು, ಇನ್ನೊಬ್ಬರಿಗೆ ದೂರದ ಓದು. ನಿಮಗೆ ಎರಡೂ ಬೇಕು.

ಇದಕ್ಕೆ ಬೇಕಾದ ಸಲಕರಣೆಗಳು ದುಬಾರಿಯಲ್ಲ. ಮೊದಲನೆಯದು, ಜೇಬಿನಲ್ಲಿ ಹಿಡಿಯುವ ಒಂದು ಪುಸ್ತಕ. ಬಸ್ಸಿನಲ್ಲಿ, ಯಕ್ಷಗಾನದ ಚೌಕಿಯಲ್ಲಿ, ಭೂತದ ಕೋಲದಲ್ಲಿ, ಬೀಡಿ ಕಟ್ಟುವ ಜಗಲಿಯಲ್ಲಿ ಕಿವಿಗೆ ಬಿದ್ದ ಮಾತನ್ನು ಅಂದೇ ಗುರುತು ಮಾಡಿಕೊಳ್ಳಿರಿ. ಎರಡನೆಯದು, ನಿಘಂಟು. 1894ರಲ್ಲಿ ಪ್ರಕಟವಾದ ಕಿಟ್ಟೆಲರ ಕೋಶ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು, ಉಡುಪಿಯಲ್ಲಿ ಸಿದ್ಧವಾದ ಆರು ಸಂಪುಟಗಳ ತುಳು ನಿಘಂಟು ಇವುಗಳ ಪುಟ ತಿರುವುವುದೂ ಒಂದು ಪ್ರಯಾಣವೇ. ಮೂರನೆಯದು, ಮನೆಯ ಹಿರಿಯರು. ಈ ಮೂರರಲ್ಲಿ ಕಾಯದೆ ಹೊರಟುಹೋಗುವ ಸಂಪತ್ತು ಅದೊಂದೇ.

ನಮ್ಮ ಶಾಲೆಯ ಮಕ್ಕಳು ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಕನ್ನಡ ಹೀಗೆ ಬೇರೆ ಬೇರೆ ನುಡಿಗಳನ್ನಾಡುತ್ತಾರೆ. ಕಾಸರಗೋಡಿನ ಕನ್ನಡ ಈ ನೆರೆನುಡಿಗಳ ಸಹವಾಸದಲ್ಲೇ ಬೆಳೆದುಬಂದಿದೆ. ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ಒಂದು ವಿನಂತಿ: ಮಗು ಮನೆಯ ಪದವೊಂದನ್ನು ತಂದರೆ ಹೊಡೆದುಹಾಕಬೇಡಿರಿ, ಅದರ ಅರ್ಥವನ್ನು ಕೇಳಿರಿ. ವ್ಯಾಕರಣವನ್ನು ಆಮೇಲೆ ತಿದ್ದಬಹುದು. ಹೆತ್ತವರಲ್ಲಿಯೂ ಒಂದು ವಿನಂತಿ: ಅಂಕ ಬಾರದ ಬರಹವನ್ನು ವ್ಯರ್ಥವೆಂದು ಭಾವಿಸಬೇಡಿರಿ.

ಶಿಬಿರದ ಮೊದಲ ಕೆಲಸವಿದು. ಇಂದು ಸಂಜೆ ಹಿರಿಯರೊಬ್ಬರ ಬಳಿ ಕುಳಿತು ಅವರು ಬಲ್ಲ ಒಂದು ಕೆಲಸದ ಬಗ್ಗೆ ಕೇಳಿರಿ. ಆ ಕೆಲಸಕ್ಕೆ ಸಂಬಂಧಿಸಿದ ಹತ್ತು ಪದಗಳನ್ನು ನಾಳೆ ತನ್ನಿರಿ.

ಸುರಂಗದ ಅಜ್ಜನ ಮೊಮ್ಮಗಳನ್ನೂ ಈ ಶಿಬಿರಕ್ಕೆ ಆಹ್ವಾನಿಸಿದ್ದೇವೆ. ನೆನಪಿರುವಷ್ಟನ್ನು ಮತ್ತೆ ಬರೆದುಕೊಡಬೇಕೆಂದು ಕೇಳಿಕೊಂಡಿದ್ದೇವೆ. ಒಂದು ಪದವನ್ನೂ ತಿದ್ದುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ.