ದನಿ ತಲುಪದ ಸೇತುವೆ



ನೆದರ್‌ಲ್ಯಾಂಡ್ಸ್ ದೇಶದಲ್ಲಿ, ಜರ್ಮನಿಯ ಗಡಿಯ ಹತ್ತಿರ, ಆರ್ನೆಮ್ ಎಂಬ ಊರಿದೆ. ಅಲ್ಲಿ ರೈನ್ ನದಿಯ ಒಂದು ಕವಲಿನ ಮೇಲೆ ಕಮಾನಿನ ಸೇತುವೆ. ಹೆಸರು ಜಾನ್ ಫ್ರಾಸ್ಟ್ ಸೇತುವೆ. ಫ್ರಾಸ್ಟ್ ಈ ಸೇತುವೆಯನ್ನು ಗೆದ್ದು ಉಳಿಸಿಕೊಂಡವರಲ್ಲ. ಗಾಯಗೊಂಡು ಇಲ್ಲೇ ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿ. ಆದರೂ ಊರಿನವರು ಅವರ ಹೆಸರನ್ನೇ ಇಟ್ಟರು.

ಎರಡನೇ ಮಹಾಯುದ್ಧದ ಕಾಲ, ನೆದರ್‌ಲ್ಯಾಂಡ್ಸ್ ಜರ್ಮನರ ವಶದಲ್ಲಿತ್ತು. 1944ರ ಸೆಪ್ಟೆಂಬರ್ 17, ಭಾನುವಾರ. ಬೆಲ್ಜಿಯಂ ಗಡಿಯಿಂದ ಆರ್ನೆಮ್‌ವರೆಗೆ ಸುಮಾರು ನೂರು ಕಿಲೋಮೀಟರ್ ದಾರಿ, ನಡುವೆ ನದಿಗಳು, ಕಾಲುವೆಗಳು. ಆ ಸೇತುವೆಗಳನ್ನೆಲ್ಲ ಪ್ಯಾರಾಚೂಟ್ ಸೈನಿಕರು ಹಿಡಿದಿರಬೇಕು, ಹಿಂದಿನಿಂದ ಟ್ಯಾಂಕುಗಳು ಒಂದೇ ರಸ್ತೆಯಲ್ಲಿ ನುಗ್ಗಿ ಬರಬೇಕು. ಇದು ಬ್ರಿಟಿಷ್ ಸೇನಾಪತಿ ಮಾಂಟ್ಗೊಮರಿಯ ಯೋಜನೆ. ಐಂಡ್‌ಹೋವನ್, ನೈಮೇಖನ್ ಕಡೆಯ ಸೇತುವೆಗಳು ಅಮೆರಿಕನ್ನರ ಪಾಲಿಗೆ, ಎಲ್ಲಕ್ಕಿಂತ ದೂರದ ಆರ್ನೆಮ್ ಬ್ರಿಟಿಷರ ಪಾಲಿಗೆ. 1941ರಲ್ಲಿ ನಮ್ಮ ದೆಹಲಿಯಲ್ಲಿ ಕಟ್ಟಿದ ಒಂದು ಬ್ರಿಟಿಷ್ ಪ್ಯಾರಾಚೂಟ್ ಪಡೆಯೂ ಅವರ ಜೊತೆಗಿತ್ತು.

ಸೇತುವೆಯ ಬಳಿ ವಿಮಾನ ನಿರೋಧಕ ಫಿರಂಗಿಗಳ ಭಯ. ಹಾಗಾಗಿ ಸೈನಿಕರನ್ನು ಇಳಿಸಿದ್ದು ಹತ್ತು ಕಿಲೋಮೀಟರಿಗೂ ಹೆಚ್ಚು ದೂರದ ಬಯಲಿನಲ್ಲಿ. ನನ್ನ ಮಟ್ಟಿಗೆ ಆರ್ನೆಮ್ ಕೈತಪ್ಪಿದ್ದು ಆ ದೂರದಲ್ಲೇ. ಜರ್ಮನರ ಎರಡು ಟ್ಯಾಂಕ್ ಡಿವಿಜನ್‌ಗಳು ಹತ್ತಿರದಲ್ಲೇ ಬೀಡುಬಿಟ್ಟಿದ್ದವು. ನದಿಯಂಚಿನ ದಾರಿ ಹಿಡಿದ ಫ್ರಾಸ್ಟ್ ಕಡೆಯವರು, ಸುಮಾರು 740 ಮಂದಿ, ಸೇತುವೆಯ ಉತ್ತರದ ತುದಿ ಮುಟ್ಟಿದರು. ಉಳಿದವರಿಗೆ ದಾರಿ ಮುಚ್ಚಿಹೋಯಿತು.

ಬಾನುಲಿಯ ಮುಂದೆ ಕೂತು ಮಾತಾಡುವ ನನ್ನನ್ನು ಬಹಳ ಕಾಡುವುದು ಇನ್ನೊಂದು ಸಂಗತಿ. ಕಾಡು, ಕಟ್ಟಡಗಳ ನಡುವೆ ಬ್ರಿಟಿಷರ ವೈರ್‌ಲೆಸ್ ಸೆಟ್‌ಗಳು ಕೈಕೊಟ್ಟವು. ಯಾರು ಎಲ್ಲಿದ್ದಾರೆಂದು ತಿಳಿಯದೆ ದಂಡನಾಯಕ ಅರ್ಕ್ಹಾರ್ಟ್ ತಾವೇ ಹುಡುಕಿಕೊಂಡು ಹೊರಟರು. ಹೋದವರು ಶತ್ರುಗಳ ನಡುವೆ ಸಿಕ್ಕಿ, ಒಂದು ಮನೆಯ ಅಟ್ಟದಲ್ಲಿ ಅಡಗಿ ಕೂರಬೇಕಾಯಿತು. ಇತ್ತ ಊರಿನ ಟೆಲಿಫೋನ್ ಕೆಲಸ ಮಾಡುತ್ತಲೇ ಇತ್ತು, ಡಚ್ ಭೂಗತ ಹೋರಾಟಗಾರರು ಅದರಲ್ಲೇ ಸುದ್ದಿ ಮುಟ್ಟಿಸುತ್ತಿದ್ದರು. ವೈರ್‌ಲೆಸ್ ನಂಬದ ಟೇಥಮ್-ವಾರ್ಟರ್ ಎಂಬ ಮೇಜರ್ ತನ್ನ ತುಕಡಿಗೆ ಮೊದಲೇ ಕಹಳೆಯ ಸಂಜ್ಞೆಗಳನ್ನು ಕಲಿಸಿದ್ದ. ಉರಿಯುವ ಬೀದಿಗಳಲ್ಲಿ ಆ ಕಹಳೆ ಕೇಳಿಸಿತು.

ಎರಡು ದಿನ ಹಿಡಿದಿರಿ ಎಂದಿದ್ದ ಸೇತುವೆಯನ್ನು ಫ್ರಾಸ್ಟ್ ಕಡೆಯವರು ಮೂರು ದಿನಕ್ಕೂ ಹೆಚ್ಚು ಹಿಡಿದರು. 20ರ ಸಂಜೆ ನೈಮೇಖನ್ ಸೇತುವೆ ದಕ್ಕಿತು. ಆದರೆ ಆ ರಾತ್ರಿ ಟ್ಯಾಂಕುಗಳು ಮುಂದೆ ಹೊರಡಲಿಲ್ಲ.

ಸೇತುವೆ ತಲುಪದೆ ಉಳಿದವರು ಪಕ್ಕದ ಊಸ್ಟರ್‌ಬೇಕ್ ಹಳ್ಳಿಯಲ್ಲಿ ಸಿಕ್ಕಿಕೊಂಡಿದ್ದರು. ಅಲ್ಲಿ ಕಾಟೆ ಟರ್ ಹಾರ್ಸ್ಟ್ ಎಂಬ ಐದು ಮಕ್ಕಳ ತಾಯಿಯ ಮನೆ ಗಾಯಾಳುಗಳಿಂದ ತುಂಬಿಹೋಗಿತ್ತು. ಹಜಾರ, ಮೆಟ್ಟಿಲು ಎಲ್ಲೆಲ್ಲೂ ನರಳುವವರು. ಆಕೆ ಅವರ ನಡುವೆ ನಿಂತು ಬೈಬಲ್ಲಿನ ಕೀರ್ತನೆ ಓದಿದರು. ಅಂಗಳದಲ್ಲಿ ಹೂತವರ ಸಂಖ್ಯೆ ದಿನೇ ದಿನೇ ಏರುತ್ತಿತ್ತು.

25ರ ರಾತ್ರಿ, ಮಳೆಯಲ್ಲಿ, ಉಳಿದವರು ದೋಣಿಗಳಲ್ಲಿ ನದಿ ದಾಟಿದರು. ಹೋದವರು ಸುಮಾರು ಹತ್ತು ಸಾವಿರ, ಹಿಂದಿರುಗಿದವರು ಎರಡೂವರೆ ಸಾವಿರಕ್ಕೂ ಕಡಿಮೆ. ಜರ್ಮನರು ಆರ್ನೆಮ್ ಜನರನ್ನೆಲ್ಲ ಊರಿನಿಂದ ಹೊರಗಟ್ಟಿದರು. ಈ ದಾಳಿಗೆ ಬೆಂಬಲವಾಗಿ ಡಚ್ ರೈಲ್ವೆ ನೌಕರರು ಮುಷ್ಕರ ಹೂಡಿದ್ದರು. ಅದಕ್ಕೆ ಸೇಡಾಗಿ ಜರ್ಮನರು ಆಹಾರ ಸಾಗಣೆ ತಡೆದರು. ಆ ಚಳಿಗಾಲದ ಹಸಿವಿಗೆ ಸುಮಾರು ಇಪ್ಪತ್ತು ಸಾವಿರ ಜನ ಬಲಿಯಾದರು. ಸೇತುವೆಯನ್ನೂ ಅಕ್ಟೋಬರಿನಲ್ಲಿ ಮಿತ್ರಪಡೆಯ ವಿಮಾನಗಳೇ ಉರುಳಿಸಿದವು. ಈಗಿರುವುದು ಯುದ್ಧದ ನಂತರ ಅದೇ ರೂಪದಲ್ಲಿ ಕಟ್ಟಿದ್ದು.

ಇಷ್ಟು ಕಳೆದುಕೊಂಡ ಜನ ಸೋತು ಹೋದ ಪರದೇಶದ ಹುಡುಗರನ್ನು ದೂರಲಿಲ್ಲ. ಊಸ್ಟರ್‌ಬೇಕ್‌ನ ಸಮಾಧಿಭೂಮಿಗೆ ಪ್ರತಿ ಸೆಪ್ಟೆಂಬರಿನಲ್ಲಿ ಶಾಲೆಯ ಮಕ್ಕಳು ಸಾಲಾಗಿ ಬರುತ್ತಾರೆ. ಒಂದೊಂದು ಕಲ್ಲಿನ ಹಿಂದೆ ಒಂದೊಂದು ಮಗು, ಕೈಯಲ್ಲಿ ಹೂಗೊಂಚಲು. ಸನ್ನೆಯಾದೊಡನೆ ಎಲ್ಲ ಮಕ್ಕಳೂ ಒಟ್ಟಿಗೆ ಬಾಗಿ ಹೂವಿಡುತ್ತಾರೆ.