ಸಿಕಂದರಾಬಾದ್ ಸ್ಟೇಷನ್ನಿನ ಲೆಕ್ಕ
(ಬೋನಾಳದ ಸಭೆಯಲ್ಲಿ ಮಾಡಿದ ಭಾಷಣ)



ಸಿಕಂದರಾಬಾದ್ ಸ್ಟೇಷನ್ನಿನ ಹಳೆಯ ಕಟ್ಟಡವನ್ನು 2025ರ ಫೆಬ್ರವರಿಯಲ್ಲಿ ಕೆಡವಿದರು. ಬೋನಾಳದಲ್ಲಿ ಕೂತು ಅದರ ಮಾತೇಕೆ ಎಂದು ಕೆಲವರು ಕೇಳಬಹುದು. 1956ರವರೆಗೆ ನಾವು ಹೈದರಾಬಾದ್ ರಾಜ್ಯದವರು. ಕೋರ್ಟು, ಕಾಲೇಜು, ಕೂಲಿ, ಯಾವುದಕ್ಕೂ ಅದೇ ರಾಜಧಾನಿ. ನಮ್ಮ ಸುರಪುರ ತಾಲೂಕಿಗೆ ಹಳಿ ಇರಲಿಲ್ಲ. ಯಾದಗಿರಿಯಲ್ಲಿ ಗಾಡಿ ಹತ್ತಿ, ವಾಡಿಯಲ್ಲಿ ತಿರುಗಿ, ಗಂಟುಮೂಟೆ ಹೊತ್ತು ನಮ್ಮವರು ಇಳಿಯುತ್ತಿದ್ದುದು ಅಲ್ಲಿ. ಬರಗಾಲದಲ್ಲಿ ಗುಳೆ ಹೋದವರಿಗೆ ಆ ಸ್ಟೇಷನ್ನೇ ಪಟ್ಟಣದ ಬಾಗಿಲು.

ಆ ಬಾಗಿಲನ್ನು ಯಾರ ಹಣದಿಂದ ಕಟ್ಟಿದರು? ಯಾದಗಿರಿಯ ಮೇಲೆ ಹಾಯ್ದ ಮುಂಬಯಿ–ಮದರಾಸು ಹಾದಿಯನ್ನು ಇಂಗ್ಲಿಷ್ ಕಂಪನಿ 1871ರಲ್ಲಿ ರಾಯಚೂರಿಗೆ ಮುಟ್ಟಿಸಿತು. ಅದು ಹೈದರಾಬಾದನ್ನು ದೂರಕ್ಕೆ ಬಿಟ್ಟಿತ್ತು. ವಾಡಿಯಿಂದ ಕವಲು ಹಾಕಿಸಲು ನಿಜಾಮರ ಬೊಕ್ಕಸವೇ ಬಾಯಿ ತೆರೆಯಬೇಕಾಯಿತು. 1874ರ ಅಕ್ಟೋಬರಿನಲ್ಲಿ ಗಾಡಿ ಓಡಿತು. ಬೊಕ್ಕಸವೆಂದರೆ ಮುಖ್ಯವಾಗಿ ಭೂಕಂದಾಯ, ಎಂದರೆ ಜೋಳ ಬೆಳೆದವನ ಬೆವರು. ಹಾದಿ ಹೋಗಿ ನಿಂತದ್ದು ಮಾತ್ರ ಇಂಗ್ಲಿಷ್ ದಂಡು ಬೀಡುಬಿಟ್ಟ ಸಿಕಂದರಾಬಾದಿನಲ್ಲಿ! ಪಟ್ಟಣದ ಜನಕ್ಕೆ ನಾಂಪಲ್ಲಿ ಸ್ಟೇಷನ್ ಆದದ್ದು 1907ರಲ್ಲಿ.

ಮುಂದಿನ ಕತೆ ಇನ್ನೂ ಚೆನ್ನಾಗಿದೆ. 1883ರ ಒಪ್ಪಂದದಂತೆ ರೈಲ್ವೆಯನ್ನು ಲಂಡನ್ನಿನ ಕಂಪನಿಗೆ ಒಪ್ಪಿಸಿ, ಅದರ ಬಂಡವಾಳಕ್ಕೆ 20 ವರ್ಷ ಶೇಕಡಾ 5ರ ಬಡ್ಡಿಯನ್ನು ಸಂಸ್ಥಾನವೇ ಖಾತ್ರಿ ಮಾಡಿತು. ಗಾಡಿ ಖಾಲಿ ಓಡಿದರೂ ಲಂಡನ್ನಿನ ಸಾಹುಕಾರನಿಗೆ ನಷ್ಟವಿಲ್ಲ. ಚಾಂದಾ ರೈಲ್ವೆ ಯೋಜನೆಯ ವಿವರವನ್ನು ಜನರ ಮುಂದಿಡಿ ಎಂದು ಕೇಳಿದವರಲ್ಲಿ ಸರೋಜಿನಿ ನಾಯ್ಡು ಅವರ ತಂದೆ ಅಘೋರನಾಥ ಚಟ್ಟೋಪಾಧ್ಯಾಯರೂ ಒಬ್ಬರು. ಲೆಕ್ಕ ಕೇಳಿದ್ದಕ್ಕೆ ಅವರಿಗೆ ಸಿಕ್ಕಿದ್ದು ಗಡೀಪಾರು. ಕಂಪನಿಯಿಂದ ಸಂಸ್ಥಾನ ರೈಲ್ವೆಯನ್ನು ಮರಳಿ ಕೊಂಡದ್ದು 1930ರಲ್ಲಿ. ಎಂದರೆ ಒಂದೇ ಹಳಿಗೆ ನಾವು ಎರಡು ಸಲ ದುಡ್ಡು ತೆತ್ತೆವು.

1951ರಲ್ಲಿ ಅದು ಮಧ್ಯ ರೈಲ್ವೆಗೆ ಸೇರಿತು. ಈಗ ಕೆಡವಿದ ಕಮಾನಿನ ಮುಂಭಾಗ 1952ರದು, ನಿಜಾಮರ ಕಾಲದ್ದಲ್ಲ. ಪತ್ರಿಕೆಗಳಲ್ಲಿ ಕಣ್ಣೀರು ಹಾಕಿದವರು ಇದನ್ನು ಮರೆತಂತಿದೆ. ಹೊಸ ಸ್ಟೇಷನ್ನಿಗೆ 2023ರ ಏಪ್ರಿಲಿನಲ್ಲಿ ಅಡಿಗಲ್ಲು ಬಿತ್ತು, ಖರ್ಚು ಸುಮಾರು 720 ಕೋಟಿ ರೂಪಾಯಿ. ಹಳತು ಇಕ್ಕಟ್ಟಾಗಿತ್ತು, ಹೊಸದು ಬೇಕು. ನಮ್ಮ ತಕರಾರು ಅದಕ್ಕಲ್ಲ. ರಾತ್ರಿ ಗಾಡಿಗೆ ಕಾಯುವ ಕೂಲಿಯವನು ಮೈಚಾಚಲು ಅಲ್ಲಿ ಜಾಗವಿದೆಯೇ? ಕಟ್ಟುವಾಗ ನಮ್ಮನ್ನು ಕೇಳಲಿಲ್ಲ, ಕೆಡವುವಾಗಲೂ ಕೇಳಲಿಲ್ಲ.

ಗದಗ–ವಾಡಿ ಹಾದಿ ಮಂಜೂರಾಗಿ ವರ್ಷಗಳು ಉರುಳಿವೆ. 2025ರ ಮೇ ತಿಂಗಳಲ್ಲಿ ಗಾಡಿ ಕುಷ್ಟಗಿ ಮುಟ್ಟಿತು. ಸುರಪುರ, ಶಹಾಪುರ ಆ ಹಾದಿಯ ಮೇಲಿನ ಊರುಗಳು. ಸ್ಟೇಷನ್ ಊರಿಗೆ ಎಷ್ಟು ದೂರ, ನೆರಳೆಷ್ಟು, ನೀರೆಲ್ಲಿ, ಜನರಲ್ ಡಬ್ಬಿ ಎಷ್ಟು? ಈ ಪ್ರಶ್ನೆಗಳನ್ನು ಬರೆದ ಅರ್ಜಿ ಇಲ್ಲಿದೆ. ಓದಿ ನೋಡಿ, ಒಪ್ಪಿದವರು ಸಹಿ ಹಾಕಿ. ಸಹಿ ಬಾರದವರ ಹೆಬ್ಬೆಟ್ಟೂ ಅಷ್ಟೇ ನಡೆಯುತ್ತದೆ.