ಖಾಕಿಯ ಋಣ, ಕೂಲಿಯ ಋಣ
(ಕುರಕುಂಭದಲ್ಲಿ ಕನ್ನಡ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಕಲಬುರ್ಗಿಯ ಕಡೆಯಿಂದ ಹೊಟ್ಟೆಯ ಪಾಡಿಗೆ ಹೊರಟವರಿಗೆ ಈ ಹಾದಿ ಹೊಸದಲ್ಲ. ಸೋಲಾಪುರ, ಕುರ್ಡುವಾಡಿ, ದೌಂಡು, ಪುಣೆ, ಮುಂಬಯಿ: ಈ ಹೆಸರುಗಳು ನಮ್ಮ ಹಿರಿಯರಿಗೆ ಬಾಯಿಪಾಠವಾಗಿದ್ದವು. ಅಂದು ಗಿರಣಿಗೆ, ಹೋಟೆಲಿಗೆ ಹೋಗುವವರು ದೌಂಡಿನಲ್ಲಿ ರೈಲಿನಿಂದ ಇಳಿಯದೆ ಮುಂದಕ್ಕೆ ಹೋಗುತ್ತಿದ್ದರು. ಇಂದು ಅದೇ ದೌಂಡು ತಾಲೂಕಿನ ಈ ಕುರಕುಂಭದಲ್ಲಿ ಔದ್ಯೋಗಿಕ ವಸಾಹತು ಎದ್ದಿದೆ. ರಾಸಾಯನಿಕ ಕಾರಖಾನೆಗಳ ಚಿಮಣಿಗಳು ನಿಂತಿವೆ. ಪುಣೆ-ಸೋಲಾಪುರ ಹೆದ್ದಾರಿಯ ಬದಿಯಲ್ಲಿ ಢಾಬಾ, ಹೋಟೆಲುಗಳು ಹಗಲಿರುಳು ನಡೆಯುತ್ತವೆ. ಫಿರಂಗಾಯಿ ದೇವಿಯ ಊರು ಎಂದು ಹೆಸರಾದ ಹಳ್ಳಿ ಈಗ ಪಾಳಿಯ ಭೋಂಗಾ ಕೇಳಿ ಏಳುವ ಊರಾಗಿದೆ.

ಇಂಥ ಊರಿನಲ್ಲಿ ಇಂದು ನಾವು ಮಾತಿಗೆ ಎತ್ತಿಕೊಂಡಿರುವುದು ಪೋಲೀಸರ ವಿಷಯ. ತಾವು ಕಾಯುವ ಜನಕ್ಕೆ ಪೋಲೀಸರು ತಮ್ಮ ಕೆಲಸದ ಆಚೆಗೂ ಏನಾದರೂ ಕೊಡಬಲ್ಲರೇ? ಎಲ್ಲಿ ಕೊಟ್ಟಿದ್ದಾರೆ? ಅದರಿಂದ ನಾವು ಕಲಿಯುವುದೇನು? ಇದನ್ನು ಕೇಳಿ ಕೆಲವರು ಮೀಸೆಯಲ್ಲೇ ನಗುತ್ತಿರಬಹುದು. ಪೋಲೀಸಪ್ಪ ಕೊಡುವುದು ಉಂಟೇ, ತೆಗೆದುಕೊಳ್ಳುವುದಲ್ಲವೇ ಎಂದು ನಿಮ್ಮ ಮನಸ್ಸು ಹೇಳುತ್ತಿರಬಹುದು. ಆ ನಗೆಯನ್ನು ನಾವು ತಪ್ಪೆನ್ನುವುದಿಲ್ಲ. ಅದರ ಹಿಂದೆ ಅನುಭವವಿದೆ.

ರಾತ್ರಿ ಪಾಳಿ ಮುಗಿಸಿ ನಡೆದು ಬರುವವನನ್ನು ನಿಲ್ಲಿಸಿ, ಎಲ್ಲಿಯವನು, ಕಾಗದ ಎಲ್ಲಿ ಎಂದು ಗದರಿಸಿದ್ದುಂಟು. ಭಾಷೆ ಬಾರದೆ ತಡವರಿಸಿದರೆ ಕಳ್ಳನೆಂಬ ಹಣೆಪಟ್ಟಿ. 2020ರ ಮಾರ್ಚ್ ಕೊನೆಗೆ ದೇಶವೆಲ್ಲ ಬಾಗಿಲು ಹಾಕಿದಾಗ, ಗಂಟುಮೂಟೆ ಹೊತ್ತು ಊರಿಗೆ ನಡೆದ ಕೂಲಿಕಾರರು ಎಷ್ಟೋ ಕಡೆ ಲಾಠಿಯ ರುಚಿ ಕಂಡರು. ಅದೇ ದಿನಗಳಲ್ಲಿ ಅದೇ ಹೆದ್ದಾರಿಗಳ ಮೇಲೆ ಅನ್ನದ ಪೊಟ್ಟಣ, ನೀರು ಹಂಚಿದ ಪೋಲೀಸರನ್ನೂ ಜನ ಕಂಡರು. ಲಾಠಿಯೂ ನಿಜ, ಅನ್ನವೂ ನಿಜ. ಒಂದನ್ನು ಹೇಳಿ ಮತ್ತೊಂದನ್ನು ಮುಚ್ಚುವುದು ಸರಿಯಲ್ಲ.

ಬಂಧುಗಳೇ, ಖಾಕಿಯ ಒಳಗಿರುವವನು ಯಾರು ಎಂಬುದನ್ನು ಮೊದಲು ನೋಡೋಣ. ಆತ ಬಹುಮಟ್ಟಿಗೆ ನಮ್ಮಂತೆಯೇ ರೈತನ ಮಗ, ಕೂಲಿಯ ಮಗ. ಮುಂಬಯಿಯ ವರಳಿ, ನಾಯಗಾಂವಗಳ ಬಿ.ಡಿ.ಡಿ. ಚಾಳುಗಳನ್ನು ಬಲ್ಲವರಿಗೆ ಇದು ಗೊತ್ತು. 160 ಚದರಡಿಯ ಆ ಖೋಲಿಗಳಲ್ಲಿ ಗಿರಣಿ ಕಾರ್ಮಿಕರ ನೆರೆಯಲ್ಲೇ ಪೋಲೀಸ್ ಕುಟುಂಬಗಳು ತಲೆಮಾರುಗಳ ಕಾಲ ಬಾಳಿದವು. ಒಂದೇ ನಲ್ಲಿಯ ಮುಂದೆ ಇಬ್ಬರ ಕೊಡಗಳೂ ಸಾಲು ನಿಂತವು.

1982ರ ಜನವರಿ 18ರಂದು ಮುಂಬಯಿಯಲ್ಲಿ ಗಿರಣಿಗಳ ದೊಡ್ಡ ಮುಷ್ಕರ ಪ್ರಾರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟರು. ಅದೇ ವರ್ಷದ ಆಗಸ್ಟ್ 18ರಂದು ಪೋಲೀಸ್ ಪೇದೆಗಳೇ ತಮ್ಮ ಸಂಘಟನೆಯ ಮೇಲಾದ ಕ್ರಮಕ್ಕೆ ಸಿಡಿದು ಬೀದಿಗಿಳಿದರು. ಗಿರಣಿಯವರೂ ಅವರ ಜೊತೆಗೆ ಬಂದರು. ಸರಕಾರ ಸೈನ್ಯವನ್ನು ಕರೆಸಬೇಕಾಯಿತು. ಆ ದಿನ ನಡೆದ ಬೆಂಕಿ, ದೊಂಬಿಗಳನ್ನು ನಾವು ಕೊಂಡಾಡುವುದಿಲ್ಲ. ಆದರೆ ಪೇದೆಯೂ ದುಡಿಯುವವನೇ ಎಂಬ ಮಾತನ್ನು ಅದು ಹೇಳಿತು. ನಮಗಿರುವ ಸಂಘ ಕಟ್ಟುವ ಹಕ್ಕು ಆತನಿಗೆ ಪೂರ್ತಿಯಾಗಿ ಇಲ್ಲ. 1966ರ ಕಾಯದೆ ಅದನ್ನು ಬಿಗಿಹಿಡಿದಿದೆ. ಎಂಟು ಗಂಟೆಯ ಪಾಳಿ ಕಾರಖಾನೆಗೆ ಎಂದೋ ಬಂತು. ಮುಂಬಯಿಯ ಪೋಲೀಸರಿಗೆ ಅದನ್ನು ದೇವನಾರ ಠಾಣೆಯಲ್ಲಿ ಪ್ರಯೋಗವೆಂದು ತಂದದ್ದು 2016ರಲ್ಲಿ. ಅದೂ ಸ್ವತಃ ಒಬ್ಬ ಪೇದೆ ಲೆಕ್ಕ ಹಾಕಿ ಸೂಚಿಸಿದ ಮೇಲೆ. ಹನ್ನೆರಡು ಗಂಟೆ ನಿಂತು ದುಡಿದವನ ಬಾಯಲ್ಲಿ ಸಿಹಿ ಮಾತು ಬರುವುದು ಕಷ್ಟ. ಇದು ನಮ್ಮ ಹೋಟೆಲಿನ ಮಾಣಿಗೂ ಗೊತ್ತಿರುವ ಸಂಗತಿ.

ಇನ್ನು ಈ ರಸ್ತೆಯ ಆ ತುದಿಗೆ, ಸೋಲಾಪುರಕ್ಕೆ ಹೋಗೋಣ. ಮರಾಠಿ, ಕನ್ನಡ, ತೆಲುಗು ಮೂರೂ ಬೆರೆತ ಗಿರಣಿಯ ಊರು ಅದು. 1930ರ ಮೇ ತಿಂಗಳಲ್ಲಿ ಆ ಊರಿನ ಜನ ಬ್ರಿಟಿಷರ ಪೋಲೀಸರನ್ನು ಎದುರಿಸಿ ನಿಂತು ಮಾರ್ಷಲ್ ಲಾ ಅನುಭವಿಸಿದರು. 1931ರ ಜನವರಿಯಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಜಗನ್ನಾಥ ಶಿಂದೆ, ಶ್ರೀಕಿಸನ ಸಾರಡಾ ಈ ನಾಲ್ವರು ಗಲ್ಲಿಗೇರಿದರು. ಅದೇ ಸೋಲಾಪುರದಲ್ಲಿ ಪರಕೀಯರ ಸರಕಾರ ಕೆಲವು ಜಾತಿಗಳನ್ನು ಹುಟ್ಟುಗಳ್ಳರೆಂದು ಬರೆದು, ಬೇಲಿಯೊಳಗೆ ಕೂಡಿಹಾಕಿ, ಪೋಲೀಸರ ಹಾಜರಿ ಪುಸ್ತಕದಲ್ಲಿ ಇಟ್ಟಿತ್ತು. ಆ ಕಾಯದೆ ರದ್ದಾದದ್ದು ಸ್ವಾತಂತ್ರ್ಯ ಬಂದ ಐದು ವರ್ಷದ ಮೇಲೆ, 1952ರಲ್ಲಿ. ಕಾಯದೆ ಹೋದರೂ ಕಣ್ಣಿನ ಸಂಶಯ ಬೇಗ ಹೋಗಲಿಲ್ಲ.

ಇಂಥ ಜಿಲ್ಲೆಯಲ್ಲಿ 2021ರಲ್ಲಿ ಒಂದು ಕೆಲಸ ನಡೆಯಿತು. ಆಗ ಸೋಲಾಪುರ ಗ್ರಾಮೀಣ ಪೋಲೀಸ್ ಅಧೀಕ್ಷಕರಾಗಿದ್ದವರು ತೇಜಸ್ವಿ ಸಾತಪುತೆ ಎಂಬ ಹೆಣ್ಣುಮಗಳು. ಸೋಲಾಪುರದ ಹತ್ತಿರದ ಮುಳೇಗಾಂವ ತಾಂಡಾದಂಥ ಬಂಜಾರರ ವಸತಿಗಳಲ್ಲಿ ಕಳ್ಳಭಟ್ಟಿಯ ಸೆರೆ ಕಾಯಿಸುವುದು ಬಹಳ ಕಾಲದಿಂದ ನಡೆದುಬಂದಿತ್ತು. ಪೋಲೀಸರು ದಾಳಿ ಮಾಡುವುದು, ಪೀಪಾಯಿ ಉರುಳಿಸುವುದು, ಹಿಡಿದು ಒಯ್ಯುವುದು. ಮರುವಾರ ಮತ್ತೆ ಒಲೆ ಹೊತ್ತುವುದು. ಹೊಟ್ಟೆಗೆ ಬೇರೆ ದಾರಿ ಇಲ್ಲದವನು ದಂಡ ಕಟ್ಟಲಿಕ್ಕೂ ಮತ್ತೆ ಸೆರೆಯನ್ನೇ ಕಾಯಿಸುತ್ತಾನಲ್ಲವೇ?

ಈ ಸುತ್ತನ್ನು ಮುರಿಯಬೇಕೆಂದು ಹೊರಟ ಕಾರ್ಯಕ್ಕೆ 'ಆಪರೇಷನ್ ಪರಿವರ್ತನ್' ಎಂದು ಹೆಸರಿಟ್ಟರು. ಒಬ್ಬೊಬ್ಬ ಅಧಿಕಾರಿ ಒಂದೊಂದು ವಸತಿಯನ್ನು ದತ್ತು ತೆಗೆದುಕೊಳ್ಳಬೇಕು. ದಾಳಿ ನಿಲ್ಲಲಿಲ್ಲ; ಆದರೆ ದಾಳಿಯ ಹಿಂದೆಯೇ ಮಾತುಕತೆ ಬಂತು. ನಿನಗೆ ಏನು ಕೆಲಸ ಬರುತ್ತದೆ, ಏನು ಕಲಿಯಬಲ್ಲೆ, ಮಕ್ಕಳು ಎಷ್ಟರವರೆಗೆ ಓದಿದ್ದಾರೆ ಎಂದು ಕೇಳುವುದು ಬಂತು. ಹೆಣ್ಣುಮಕ್ಕಳಿಗೆ ಹೊಲಿಗೆ, ಬೇರೆಯವರಿಗೆ ಮತ್ತೊಂದು ಉದ್ಯೋಗ, ಹೀಗೆ ದಾರಿ ಹುಡುಕಿಕೊಟ್ಟರು. ಎಷ್ಟೋ ಮನೆಗಳು ಭಟ್ಟಿಯನ್ನು ಬಿಟ್ಟು ಮರ್ಯಾದೆಯ ದುಡಿಮೆಗೆ ಬಂದವು.

ಇದರಲ್ಲಿ ನಾವು ಗಮನಿಸಬೇಕಾದ ತಿರುಳು ಒಂದಿದೆ. ಪೋಲೀಸರು ಇಲ್ಲಿ ಕೊಟ್ಟದ್ದು ಬಟ್ಟೆಯಲ್ಲ, ಸಿಹಿಯಲ್ಲ. ಹಬ್ಬದ ದಿನ ಹಂಚಿದ ಹಣ್ಣು ಸಂಜೆಗೆ ಮುಗಿಯುತ್ತದೆ. ಇವರು ಕೊಟ್ಟದ್ದು ತಮ್ಮ ಸಮಯ, ತಮ್ಮ ಪರಿಚಯ, ತಮ್ಮ ಅಧಿಕಾರದ ಬಲ. ಠಾಣೆಯ ಅಧಿಕಾರಿಯ ಮಾತಿಗೆ ಬ್ಯಾಂಕಿನವನೂ ಕಚೇರಿಯವನೂ ಕಿವಿಗೊಡುತ್ತಾನೆ. ಬಡವನ ಪರವಾಗಿ ಆ ಮಾತು ಹೊರಟರೆ ಅದೇ ದೊಡ್ಡ ದಾನ.

ಕಳ್ಳಭಟ್ಟಿಯ ಮಾತು ಬಂದಾಗ ಕುರಕುಂಭದ ಬಂಧುಗಳಿಗೆ ಒಂದು ಎಚ್ಚರಿಕೆ ಹೇಳಲೇಬೇಕು. 2015ರ ಜೂನ್ ತಿಂಗಳಲ್ಲಿ ಮುಂಬಯಿಯ ಮಾಲವಣಿಯಲ್ಲಿ ವಿಷದ ಸೆರೆ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಬಹುತೇಕ ಎಲ್ಲರೂ ಕೂಲಿಯವರು. ಅದರಲ್ಲಿ ಬೆರೆತದ್ದು ಮಿಥೆನಾಲ್. ರಾಸಾಯನಿಕ ಕಾರಖಾನೆಗಳಲ್ಲಿ ದುಡಿಯುವವರಿಗೆ ಇದರ ಪೀಪಾಯಿ ಗೊತ್ತು. ಕಣ್ಣಿಗೆ ನೀರಿನಂತೆ, ಮೂಗಿಗೆ ಸಾರಾಯಿಯಂತೆ. ಹೊಟ್ಟೆಗೆ ಹೋದ ಮೇಲೆ ಅದು ಶರೀರದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣಿನ ನರವನ್ನು ಸುಡುತ್ತದೆ, ಆಮೇಲೆ ಪ್ರಾಣವನ್ನು ತೆಗೆಯುತ್ತದೆ. ಕುಡಿದ ಕೂಡಲೇ ಏನೂ ತಿಳಿಯದು. ಗಂಟೆಗಳು ಕಳೆದ ಮೇಲೆ ಕಣ್ಣು ಮಬ್ಬಾಗುತ್ತದೆ. ಆಗ ಮಲಗಿದರೆ ಸರಿಹೋಗುತ್ತದೆ ಎಂದುಕೊಂಡವನು ಏಳುವುದಿಲ್ಲ. ಒಡನೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ನಮ್ಮ ಕನ್ನಡನಾಡಿಗೆ ಬರೋಣ. ಬೆಂಗಳೂರಿನ ಅನ್ನಪೂರ್ಣೇಶ್ವರಿನಗರ ಠಾಣೆಯಲ್ಲಿ ಶಾಂತಪ್ಪ ಜಡೆಮ್ಮನವರ ಎಂಬ ಸಬ್‌ಇನ್‌ಸ್ಪೆಕ್ಟರರು ಇದ್ದರು. ಬಳ್ಳಾರಿಯ ಕಡೆಯವರು, ಗುಳೆ ಹೋಗುವ ಬಡವರ ಬಾಳನ್ನು ಹತ್ತಿರದಿಂದ ಬಲ್ಲವರು. 2020ರಲ್ಲಿ ಶಾಲೆಗಳು ಮುಚ್ಚಿದವು. ಪಾಠ ಮೊಬೈಲಿಗೆ ಹೋಯಿತು. ಕಟ್ಟಡದ ಕೆಲಸಕ್ಕೆ ವಲಸೆ ಬಂದವರ ಗುಡಿಸಲಲ್ಲಿ ಆ ಮೊಬೈಲು ಎಲ್ಲಿಂದ ಬರಬೇಕು? ಶಾಂತಪ್ಪನವರು ಬೆಳಿಗ್ಗೆ ಡ್ಯೂಟಿಗೆ ಹಾಜರಾಗುವ ಮೊದಲು ದಿನಕ್ಕೆ ಒಂದು ಗಂಟೆಯಂತೆ ಆ ಗುಡಿಸಲುಗಳ ನಡುವೆ ಬಯಲಲ್ಲೇ ನಿಂತು ಸುಮಾರು 30 ಮಕ್ಕಳಿಗೆ ಪಾಠ ಹೇಳತೊಡಗಿದರು. ಪೋಲೀಸನನ್ನು ಕಂಡರೆ ಓಡಿ ಅವಿತುಕೊಳ್ಳುವ ಮಕ್ಕಳು ಪಾಟಿ ಹಿಡಿದು ಅವರ ಮುಂದೆ ಕುಳಿತವು.

ನಮ್ಮ ಹೋಟೆಲ್ ಬಂಧುಗಳಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಬಯಿಯಲ್ಲಿ ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಕನ್ನಡ ಅಕ್ಷರ ತಿದ್ದಿದ ಹುಡುಗರೇ ಮುಂದೆ ಗುಮಾಸ್ತರಾದರು, ವಕೀಲರಾದರು, ಸ್ವಂತ ಹೋಟೆಲಿನ ಧಣಿಗಳಾದರು. ಒಂದು ಗಂಟೆಯ ಪಾಠ ಒಬ್ಬನ ಬಾಳಿನ ದಿಕ್ಕನ್ನೇ ಬದಲಿಸಬಲ್ಲದು ಎಂಬುದಕ್ಕೆ ನಮ್ಮವರೇ ಸಾಕ್ಷಿ.

ಇದೇ ಶಾಂತಪ್ಪನವರು 2022ರಲ್ಲಿ ಗೊರಗುಂಟೆಪಾಳ್ಯದಲ್ಲಿ ಒಂದು ಶೌಚಾಲಯ ಬೇಕೆಂದು ದನಿ ಎತ್ತಿದರು. ಬೆಂಗಳೂರಿನಿಂದ ಊರ ಕಡೆಗೆ ಬಸ್ಸು ಹಿಡಿಯುವವರಿಗೆ ಆ ಜಾಗ ಗೊತ್ತು. ಗಂಟೆಗಟ್ಟಲೆ ಬಸ್ಸಿಗೆ ಕಾಯುವ ಹೆಂಗಸರು ಪಡುವ ಕಷ್ಟವನ್ನು ಬಾಯಿಬಿಟ್ಟು ಹೇಳುವವರಿರಲಿಲ್ಲ. ಕಾಯದೆಯ ಪುಸ್ತಕದಲ್ಲಿ ಇದು ಪೋಲೀಸರ ಕೆಲಸವಲ್ಲ. ಆದರೆ ರಸ್ತೆಯಲ್ಲಿ ನಿಂತವನ ಕಣ್ಣಿಗೆ ರಸ್ತೆಯ ಕಷ್ಟ ಮೊದಲು ಬೀಳುತ್ತದೆ. ಕಂಡದ್ದನ್ನು ಕಂಡೂ ಕಾಣದಂತೆ ಇರದಿರುವುದೇ ದೊಡ್ಡ ಗುಣ.

ಮುಂಬಯಿಯಲ್ಲಿ ರೆಹಾನಾ ಶೇಖ್ ಎಂಬ ಪೇದೆ ಹೆಣ್ಣುಮಗಳು ರಾಯಗಡ ಜಿಲ್ಲೆಯ ಒಂದು ಶಾಲೆಯ 50 ಬಡ ಮಕ್ಕಳ ಓದಿನ ಹೊಣೆಯನ್ನು ಹತ್ತನೆಯ ತರಗತಿಯವರೆಗೆ ಹೊತ್ತದ್ದು 2021ರಲ್ಲಿ ಸುದ್ದಿಯಾಯಿತು. ರೋಗದ ಆ ಕಾಲದಲ್ಲಿ ರಕ್ತ, ಪ್ಲಾಸ್ಮಾ, ಹಾಸಿಗೆ ಸಿಗದವರಿಗೆ ಅವರು ಓಡಾಡಿ ನೆರವಾದರು. ಇದು ಒಬ್ಬ ಪೇದೆಯ ಪಗಾರದಿಂದ ಹೊರಟ ಕೆಲಸ.

ಬಂಧುಗಳೇ, ಇಷ್ಟು ಹೇಳಿ ನಾವು ಕೈಮುಗಿದು ಕೂತರೆ ಅರ್ಧ ಮಾತಾಡಿದಂತೆ. ದಯೆ ಬೇರೆ, ಹಕ್ಕು ಬೇರೆ. ಒಳ್ಳೆಯ ಅಧಿಕಾರಿ ಬಂದಾಗ ಪಾಠ, ವರ್ಗವಾಗಿ ಹೋದಾಗ ಮತ್ತೆ ಬೈಗುಳ ಎಂದಾದರೆ ಬಡವನ ಗತಿ ಗಾಳಿಗೆ ಇಟ್ಟ ದೀಪ. ಆದ್ದರಿಂದ ಕೆಲವು ಸಂಗತಿಗಳನ್ನು ಪ್ರತಿಯೊಬ್ಬ ಕಾರ್ಮಿಕನೂ ಗಂಟುಹಾಕಿಕೊಳ್ಳಬೇಕು. ಹಿಡಿದವನನ್ನು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಲೇಬೇಕು. ಇದು ಸಂವಿಧಾನದ 22ನೆಯ ವಿಧಿ. ಫಿರ್ಯಾದಿಯನ್ನು ನಮ್ಮ ಹದ್ದಲ್ಲ ಎಂದು ಯಾವ ಠಾಣೆಯೂ ಹಿಂದೆ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯದೆಯಲ್ಲಿ ಇದು ಸ್ಪಷ್ಟವಾಗಿದೆ. ಬರೆದುಕೊಂಡ ಫಿರ್ಯಾದಿಯ ನಕಲನ್ನು ಬಿಟ್ಟಿಯಾಗಿ ಕೊಡಬೇಕು. ಆಪತ್ತಿಗೆ 112ಕ್ಕೆ ಫೋನು ಮಾಡಬಹುದು. ಇವನ್ನು ಕೇಳುವುದು ಉದ್ಧಟತನವಲ್ಲ.

ಹಾಗೆಯೇ ನಮ್ಮ ಕಡೆಯ ಋಣವೂ ಇದೆ. 2019ರ ಆಗಸ್ಟ್ 14ರ ರಾತ್ರಿ ಇಲ್ಲಿಯ ಒಂದು ರಾಸಾಯನಿಕ ಕಾರಖಾನೆಗೆ ಬೆಂಕಿ ಬಿದ್ದು, ಸುತ್ತಲಿನ ಜನ ಮಕ್ಕಳುಮರಿಗಳನ್ನು ಎತ್ತಿಕೊಂಡು ಮನೆ ಬಿಟ್ಟು ಹೊರಟದ್ದು ಇಲ್ಲಿಯವರಿಗೆ ನೆನಪಿದೆ. ಅಂಥ ಹೊತ್ತಿನಲ್ಲಿ ಯಾವ ದಾರಿಯಿಂದ ಹೊರಡಬೇಕು, ಗಾಳಿ ಯಾವ ಕಡೆಗೆ ಬೀಸುತ್ತಿದೆ, ಯಾವ ಖೋಲಿಯಲ್ಲಿ ಎಷ್ಟು ಜನರಿದ್ದಾರೆ ಎಂಬುದು ಠಾಣೆಗೂ ನಮಗೂ ಮೊದಲೇ ಗೊತ್ತಿದ್ದರೆ ಪ್ರಾಣ ಉಳಿಯುತ್ತದೆ. 2024ರ ಫೆಬ್ರವರಿಯಲ್ಲಿ ಪುಣೆಯ ಪೋಲೀಸರು ಇದೇ ವಸಾಹತಿನ ಒಂದು ಕಾರಖಾನೆಯಿಂದ ನೂರಾರು ಕಿಲೋ ಮೆಫೆಡ್ರೋನ್ ಎಂಬ ಮಾದಕ ಪುಡಿಯನ್ನು ಹಿಡಿದರು. ಕುರಕುಂಭದ ಹೆಸರು ದೇಶದ ಪತ್ರಿಕೆಗಳಲ್ಲಿ ಬಂತು. ಬರಬಾರದ ಕಾರಣಕ್ಕೆ ಬಂತು. ಇಂಥದು ನಡೆಯುವ ಜಾಗದಲ್ಲಿ ಪೀಪಾಯಿ ಹೊರುವವನಿಗೆ ತಾನು ಹೊರುತ್ತಿರುವುದು ಏನೆಂದು ತಿಳಿಯದೆ ಹೋಗಬಹುದು. ಸಂಶಯ ಬಂದಾಗ ಹೇಳಿಕೊಳ್ಳಲು ನಂಬಿಕೆಯ ಒಬ್ಬ ಪೋಲೀಸನಾದರೂ ಗೊತ್ತಿರಬೇಕು. ಹೆದರಿಕೆ ಇದ್ದಲ್ಲಿ ಸುದ್ದಿ ಹೊರಬಾರದು. ಸುದ್ದಿ ಹೊರಬಾರದಿದ್ದರೆ ಕೊನೆಗೆ ಆ ಪುಡಿ ನಮ್ಮ ಮಕ್ಕಳ ಜೇಬಿಗೇ ಬರುತ್ತದೆ.

ಆದುದರಿಂದ ನಮ್ಮ ಸಂಘದ ಮುಂದೆ ಮೂರು ಕೆಲಸಗಳನ್ನು ಇಡುತ್ತೇವೆ. ಒಂದು, ಠಾಣೆಗೆ ನಾವೇ ಹೋಗಿ, ಕನ್ನಡವನ್ನೂ ಮರಾಠಿಯನ್ನೂ ಬಲ್ಲ ನಮ್ಮ ಇಬ್ಬರ ಹೆಸರನ್ನು ಕೊಟ್ಟುಬರುವುದು. ನಮ್ಮವನು ಯಾವನಾದರೂ ತೊದಲಿದಾಗ ಅವರು ಹೋಗಿ ನಿಲ್ಲಲಿ. ಎರಡು, ಸಂಜೆಯ ಒಂದು ಗಂಟೆ ಮಕ್ಕಳ ಪಾಠಕ್ಕೆ ಮೀಸಲಿಟ್ಟು, ಅದಕ್ಕೆ ಪೋಲೀಸರನ್ನೂ ಕರೆಯುವುದು. ದೌಂಡಿನಲ್ಲಿ ರಾಜ್ಯ ಮೀಸಲು ಪೋಲೀಸ್ ದಳದ ತಾಣವೇ ಇದೆ. ಓದಿದ ತರುಣರು ಅಲ್ಲಿದ್ದಾರೆ. ವಾರಕ್ಕೊಮ್ಮೆ ಒಬ್ಬನು ಬಂದು ಲೆಕ್ಕ ಹೇಳಿಕೊಟ್ಟರೂ ಸಾಕು. ಜೊತೆಗೆ ನಮ್ಮ ಹುಡುಗರಿಗೆ ಪೋಲೀಸ್ ಭರ್ತಿಯ ಓಟವನ್ನೂ ಕಲಿಸಿದರೆ ಇನ್ನೂ ಒಳ್ಳೆಯದು. ಮೂರು, ಬೆಂಕಿ, ಅನಿಲ, ವಿಷದ ಸೆರೆ ಇವುಗಳ ಬಗ್ಗೆ ಮೂರು ತಿಂಗಳಿಗೊಮ್ಮೆ ಠಾಣೆಯವರನ್ನೂ ಅಗ್ನಿಶಾಮಕ ದಳದವರನ್ನೂ ಕರೆಸಿ ಮಾತುಕತೆ ನಡೆಸುವುದು.

ಈ ಮೂರಕ್ಕೂ ದೊಡ್ಡ ಹಣ ಬೇಡ. ಕೇಳುವ ಧೈರ್ಯ ಬೇಕು. ಅವರು ಒಂದು ಹೆಜ್ಜೆ ಬರಲಿ ಎಂದು ನಾವು, ನಾವು ಬರಲಿ ಎಂದು ಅವರು ಕಾಯುತ್ತ ಕೂತರೆ ನಡುವಿನ ರಸ್ತೆ ಖಾಲಿಯಾಗಿಯೇ ಉಳಿದೀತು. ಖಾಕಿಗೆ ಪಗಾರ ಕೊಡುವುದು ಜನದ ಬೆವರು. ಆ ಬೆವರಿನಲ್ಲಿ ಕುರಕುಂಭದ ಕಾರ್ಮಿಕನ ಪಾಲೂ ಇದೆ. ಬರುವ ಭಾನುವಾರ ಪಾಳಿ ಇಲ್ಲದವರು ಬೆಳಿಗ್ಗೆ ಹತ್ತಕ್ಕೆ ಇಲ್ಲಿಗೇ ಬನ್ನಿರಿ. ಇಲ್ಲಿಂದ ಠಾಣೆಗೆ ಒಟ್ಟಿಗೆ ಹೋಗೋಣ.